ಟ್ಯಾಂಕು ಕಾಣಬಾರದು

ಮೂಲೆ ಸೈಟಿನವರ ಹೆಂಡತಿಗೆ ನೀರಿನ ಟ್ಯಾಂಕು ಕಣ್ಣಿಗೆ ಬೀಳಬಾರದಿತ್ತು. ಎಡವಟ್ಟೆಲ್ಲ ಶುರುವಾದದ್ದು ಅಲ್ಲಿಂದಲೇ.

"ಚಿತ್ರದಲ್ಲಿ ನೋಡಿದ್ರೆ ಆ ಕರೀ ಡ್ರಮ್ಮು ಮನೆ ತಲೆ ಮೇಲೆ ಕೂತಿರೋ ಹಾಗಿದೆ. ಅದು ಕಾಣಬಾರದು, ಅಷ್ಟೆ," ಎಂದು ಆಕೆ ಬೆಳಿಗ್ಗೆಯೇ ಫೋನಿನಲ್ಲಿ ಅಪ್ಪಣೆ ಕೊಡಿಸಿದ್ದರು. ಮಧ್ಯಾಹ್ನ ಗಂಡ ಹೆಂಡತಿ ನಮ್ಮ ಆಫೀಸಿಗೆ ಬಂದು ಹೊಸ ಮನೆಯ ನಕ್ಷೆಗೆ ಸಹಿ ಹಾಕುವವರಿದ್ದರು.

ಸಹಿ ಬಿದ್ದರೆ ನಕ್ಷೆ ಬರೆಯುವ ನಮ್ಮ ಡ್ರಾಫ್ಟ್ಸ್‌ಮನ್ನಿಗೆ ನಾಳೆಯಿಂದ ಒಂದು ವಾರ ರಜೆ. ಆ ರಜೆ ಆಗಲೇ ಹಲವು ಸಲ ರದ್ದಾಗಿತ್ತು. ಅವನ ಹೆಂಡತಿ ಪ್ರವಾಸಕ್ಕೆಂದು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಾ ಕೊನೆಯ ಮಾತು ಆಡಿಬಿಟ್ಟಿದ್ದಳು: "ನೀವು ಬಂದ್ರೆ ಇಬ್ರೂ ಹೋಗೋಣ. ಬರ್ದಿದ್ರೆ ನಾನೊಬ್ಳೇ ಹೋಗ್ತೀನಿ. ನಮ್ಮಮ್ಮ ಬಂದು ನಿಮ್ಮನ್ನ ನೋಡ್ಕೋತಾರೆ." ಒಂದು ವಾರ ಅತ್ತೆಯ ಉಸ್ತುವಾರಿ! ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಅವನು ಆಫೀಸಿಗೆ ಓಡಿ ಬಂದಿದ್ದ.

ಟ್ಯಾಂಕನ್ನು ನಿಜವಾಗಿ ಸರಿಸಬೇಕೆಂದರೆ ಪೈಪು, ಕಂಬ, ತೊಲೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ತಲೆ ಮೇಲೆ ಕೈ ಹೊತ್ತು ಕೂತವನನ್ನು ಕಂಡು ಪಕ್ಕದ ಸೀಟಿನವನ ಕುರ್ಚಿ ಉರುಳಿಕೊಂಡು ಬಂತು. ಆಫೀಸಿನಲ್ಲಿ ಅವನನ್ನು ಸಲಹೆಸಾಹೇಬ ಎನ್ನುತ್ತಿದ್ದರು. ಕೇಳದಿದ್ದರೂ ಸಲಹೆ ಕೊಡುತ್ತಿದ್ದ; ಕೊಟ್ಟ ಮೇಲೆ ಆ ಕಡೆ ಸುಳಿಯುತ್ತಿರಲಿಲ್ಲ.

"ಟ್ಯಾಂಕ್ ಯಾಕ್ರೀ ಸರಿಸ್ತೀರಾ? ಗೆರೆ ಸರಿಸಿ!"

ಮನೆಯ ಮುಂಭಾಗ ಹೇಗೆ ಕಾಣುತ್ತದೆಂಬ ಚಿತ್ರಕ್ಕೆ ಎಲಿವೇಶನ್ ಎನ್ನುತ್ತಾರೆ. ಅದನ್ನು ಕಂಪ್ಯೂಟರೇ ಬರೆಯುತ್ತದೆ. ಅದು ಎಲ್ಲಿ ನಿಂತು ನೋಡಬೇಕೆಂದು ಹೇಳಲು ಮನೆಯ ಮುಂದೊಂದು ಗೆರೆ, ಎಲ್ಲಿಯವರೆಗೆ ನೋಡಬೇಕೆಂದು ಹೇಳಲು ಹಿಂದೊಂದು ಗೆರೆ. ಹಿಂದಿನ ಗೆರೆಯನ್ನು ಟ್ಯಾಂಕಿನಿಂದ ಈಚೆಗೆ ತಂದರೆ ಚಿತ್ರದಲ್ಲಿ ಟ್ಯಾಂಕು ಮಾಯ. ತಾರಸಿಯ ಮೇಲೆ ಅದು ಇದ್ದಲ್ಲೇ ಕೂತಿರುತ್ತದೆ, ಆ ಮಾತು ಬೇರೆ. ಮನೆ ಎದ್ದು ನಿಂತು ಆಕೆ ಬೈಯುವ ಹೊತ್ತಿಗೆ ತಾನು ರಜೆ ಮುಗಿಸಿ ಬಂದಿರುತ್ತೇನಲ್ಲ ಎಂದು ಡ್ರಾಫ್ಟ್ಸ್‌ಮನ್ ಸಮಾಧಾನ ಮಾಡಿಕೊಂಡ.

ಗೆರೆ ಎಳೆದ. ಟ್ಯಾಂಕು ಹೋಯಿತು. ಅದರ ಜೊತೆ ಮೆಟ್ಟಿಲ ಕೋಣೆಯೂ ಹೋಯಿತು.

"ಅಯ್ಯಯ್ಯೋ, ತಾರಸಿಗೆ ಹಾರ್ಕೊಂಡು ಹೋಗ್ಬೇಕಾ?" ಎಂದು ಬೆನ್ನ ಹಿಂದೆ ಪೈಪಕ್ಕ ಕೂಗಿದಳು. ನೀರಿನ ಕೊಳವೆಗಳ ನಕ್ಷೆ ಅವಳ ಪಾಲಿನದು. "ಸ್ವಲ್ಪ ಹಿಂದಕ್ಕೆ ಬಿಡಿ."

"ಬಿಡ್ಬೇಡಿ, ಎಳೀರಿ," ಎಂದ ಸಲಹೆಸಾಹೇಬ.

ಹಿಂದಕ್ಕೆ ಬಿಟ್ಟರೆ ಅರ್ಧ ಟ್ಯಾಂಕು ಇಣುಕುತ್ತಿತ್ತು, ಮುಂದಕ್ಕೆ ಎಳೆದರೆ ಮೆಟ್ಟಿಲ ಕೋಣೆಯ ಅರ್ಧ ಬಾಗಿಲು ಹೋಗುತ್ತಿತ್ತು. ಅಷ್ಟರಲ್ಲಿ ಆಫೀಸಿನ ಯಜಮಾನರು ಕ್ಯಾಬಿನ್ನಿನಿಂದ ತಲೆ ಹೊರಹಾಕಿದರು. "ಅವರು ಬಂದ್ರು! ಸೇವ್ ಮಾಡಿ, ಪ್ರಿಂಟ್ ನಾನೇ ಕೊಡ್ತೀನಿ!"

ಡ್ರಾಫ್ಟ್ಸ್‌ಮನ್ ಗಡಿಬಿಡಿಯಲ್ಲಿ ಹಿಂದಿನ ಗೆರೆಯ ಬದಲು ಮುಂದಿನ ಗೆರೆಯನ್ನೇ ಹಿಡಿದು ಮನೆಯೊಳಕ್ಕೆ ಎಳೆದು ಸೇವ್ ಮಾಡಿಬಿಟ್ಟ. ಅವನೆದುರು ಆಗ ಇದ್ದದ್ದು ಬರೀ ಗೆರೆಗಳ ನಕ್ಷೆ. ಚಿತ್ರ ಏನಾಯಿತೆಂದು ನೋಡುವ ಪುರಸೊತ್ತು ಯಾರಿಗಿತ್ತು?

ಕ್ಯಾಬಿನ್ನಿನಲ್ಲಿ ದೊಡ್ಡ ಹಾಳೆ ಬಿಚ್ಚಿಕೊಂಡಿತು. ನಾಲ್ಕು ಮೂಲೆ ಒತ್ತಿ ಹಿಡಿಯಲು ಎಲ್ಲರನ್ನೂ ಕರೆಸಿದ್ದರು. ಚಿತ್ರದಲ್ಲಿ ಮನೆಯ ಎದುರುಗೋಡೆಯೇ ಇರಲಿಲ್ಲ. ಮೇಲ್ಮಹಡಿಯ ನಟ್ಟನಡುವೆ, ಬೀದಿಗೆ ಮುಖ ಮಾಡಿ, ಮುಚ್ಚಳ ತೆರೆದುಕೊಂಡು ಒಂದು ಕಮೋಡು ವಿರಾಜಮಾನವಾಗಿತ್ತು.

"ಟ್ಯಾಂಕ್ ಬೇಡ ಅಂದ್ರೆ ಇದನ್ನ ತೋರಿಸ್ತೀರಾ?" ಎಂದು ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು, ಕಾಗದಕ್ಕೂ ವಾಸನೆ ಬರುವವರ ಹಾಗೆ.

ಯಜಮಾನರ ಮುಖ ಕೆಂಪಾಯಿತು. "ಯಾರ ಕೆಲಸ ಇದು?"

ಡ್ರಾಫ್ಟ್ಸ್‌ಮನ್ನಿನ ಕಣ್ಣ ಮುಂದೆ ಅತ್ತೆ ಬಂದು ನಿಂತರು. "ನಾನು ಮೌಸೇ ಮುಟ್ಟಿಲ್ಲ ಸಾರ್, ದೇವರಾಣೆ! ಎಲ್ಲಾ ಇವ್ರದ್ದೇ," ಎಂದು ಸಲಹೆಸಾಹೇಬನತ್ತ ಬೆರಳು ಮಾಡಿದ.

"ಅಯ್ಯೋ ಪಾಪಿ! ನಾನು ಸೀಟು ಬಿಟ್ಟು ಎದ್ದೇ ಇಲ್ಲ ಸಾರ್!"

ಮೂಲೆ ಸೈಟಿನವರು ಮಾತ್ರ ಹಾಳೆಯ ಮೇಲೆ ಬಾಗಿ ನೋಡುತ್ತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಜೀವಮಾನವೆಲ್ಲಾ ಕಮೋಡು ಮಾರಿದ್ದೀನಿ ಸ್ವಾಮಿ," ಎಂದರು. "ಅದರಿಂದಲೇ ಈ ಮನೆ ಏಳ್ತಿರೋದು. ಆದ್ರೂ ನೆಂಟರ ಮುಂದೆ ಅದರ ಹೆಸರೆತ್ತೋ ಹಾಗಿಲ್ಲ. ಇವಳು ಕೇಳಿದೋರಿಗೆಲ್ಲಾ ಹಾರ್ಡ್‌ವೇರ್ ವ್ಯಾಪಾರ ಅಂತಾಳೆ! ಮೊದಲ ಸಲ ಒಬ್ಬರು ಅದಕ್ಕೆ ಮರ್ಯಾದೆ ಕೊಟ್ರು. ನನ್ನ ಹೊಸ ಅಂಗಡಿಗಳಿಗೆಲ್ಲಾ ಇದೇ ಮುಖ ಆಗ್ಬೇಕು. ಎದುರಿಗೆ ಪೂರ್ತಿ ಗಾಜು, ನಡುವೆ ಇದು. ಎಲ್ಲಾ ನಕ್ಷೆ ಈ ವಾರದಲ್ಲೇ ಬೇಕು. ಯಾರದಪ್ಪಾ ಈ ತಲೆ?"

"ನಂದೇ ಸಾರ್," ಎಂದು ಸಲಹೆಸಾಹೇಬ ತಲೆ ತಗ್ಗಿಸಿದ. "ಏನೋ, ಹಾಗೇ ಹೊಳೀತು."

"ಸಾರ್, ನಿಜ ಹೇಳ್ಬೇಕಂದ್ರೆ ಗೆರೆ ಎಳೆದಿದ್ದು ನಾನು…"

"ಛೆ, ಪಕ್ಕದೋರಿಗೆ ಒಳ್ಳೇದಾದ್ರೆ ಸಹಿಸೋಕಾಗಲ್ವೇನ್ರೀ?" ಎಂದು ಯಜಮಾನರು ಗದರಿ, ಸಲಹೆಸಾಹೇಬನ ಬೆನ್ನು ತಟ್ಟಿದರು. "ಇಂಥ ತಲೆಗೆ ವಿಶ್ರಾಂತಿ ಬೇಕು. ಇವರ ರಜೆ ನೀವು ತಗೊಂಡು ಹೋಗಿ." ಆಮೇಲೆ ಡ್ರಾಫ್ಟ್ಸ್‌ಮನ್ನಿನ ಕಡೆ ತಿರುಗಿದರು. "ನೀವು ಇಷ್ಟೊತ್ತೂ ಮೌಸ್ ಮುಟ್ಟಿಲ್ಲ ಅಂದ್ರಲ್ಲ, ಈಗ ಹೋಗಿ ಮುಟ್ಟಿ."

ಅವನ ಮೇಜಿನ ಮೇಲೆ ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಿದ.

"ಏನೂ ಹೇಳ್ಬೇಡಿ, ನಿಮ್ಮ ಉಸಿರಲ್ಲೇ ಗೊತ್ತಾಯ್ತು," ಎಂದಳು ಹೆಂಡತಿ. "ನಾನು ರಾತ್ರಿ ಬಸ್ಸಿಗೆ ಹೊರಟೆ. ಅಮ್ಮ ಆಗಲೇ ಬಂದಾಯ್ತು. ಎಷ್ಟು ಹೊತ್ತಿಗೆ ಬರ್ತೀರಿ ಅಂತ ಕೇಳ್ತಿದಾರೆ, ಕೊಡ್ಲಾ ಫೋನು?"