ಉಳಿಸದೆ ಮುಚ್ಚಲೇ?

‘ನನಗೆ ಗೊತ್ತಿಲ್ಲ’ ಎನ್ನಲು ನನ್ನಷ್ಟು ಕಷ್ಟಪಡುವ ಮನುಷ್ಯ ನಮ್ಮ ಕಡೆ ಇನ್ನೊಬ್ಬ ಇರಲಾರ. ಮುಧೋಳದವನು ಎಂದ ಕೂಡಲೇ ಜನ ನನ್ನನ್ನು ನಾಯಿಗಳ ಬಗ್ಗೆ ಕೇಳುತ್ತಾರೆ. ನಾನು ನಾಯಿ ಸಾಕಿದವನಲ್ಲ. ಎದುರಿಗೆ ಒಂದು ಬಂದರೆ ಓಣಿಯನ್ನೇ ಬದಲಿಸುವವನು. ಆದರೂ ಒಮ್ಮೆ ಪರವೂರಿನ ಒಬ್ಬರಿಗೆ ಬೇಟೆನಾಯಿಯ ಮರಿಯನ್ನು ಹೇಗೆ ಆರಿಸಬೇಕೆಂದು ಅರ್ಧ ತಾಸು ವಿವರಿಸಿದ್ದೇನೆ. ಅವರು ಬರೆದುಕೊಂಡರು ಬೇರೆ. ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದವಳು, ಮನೆಗೆ ಬಂದ ಮೇಲೆ, ಗೊತ್ತಿಲ್ಲ ಅಂದರೆ ನಿಮ್ಮ ಹಲ್ಲೇನು ಉದುರುತ್ತಿದ್ದವೇ ಎಂದು ಕೇಳಿದಳು. ಅದಕ್ಕೂ ನನ್ನಲ್ಲಿ ಒಂದು ಉತ್ತರವಿತ್ತು. ಈಗ ಹೇಳಹೊರಟಿರುವುದು ಇದೇ ರೋಗ ಕಚೇರಿಯಲ್ಲಿ ಉಲ್ಬಣಿಸಿದ ಸಂಗತಿ. ಇಷ್ಟು ವರ್ಷಗಳಾದರೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಜಮಖಂಡಿಯ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ನಾನು ಅಧೀಕ್ಷಕನಾಗಿದ್ದೆ. ತೊಂಬತ್ತರ ದಶಕದ ನಡುವೆ ಅಲ್ಲಿಗೆ ಒಂದು ಕಂಪ್ಯೂಟರ್ ಬಂತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಧೂಳು ಕೂಡಬಾರದೆಂದು ಬನಹಟ್ಟಿಯ ಸೀರೆಯ ತುಂಡಿನಿಂದ ಅದಕ್ಕೆ ಮುಸುಕು ಹೊಲಿಸಿದ್ದೆವು. ದಿನಾ ಬೆಳಿಗ್ಗೆ ಆ ಸೆರಗು ಸರಿಸುವ ಅಧಿಕಾರ ನನ್ನದು. ಯಾಕೆಂದರೆ ಬೆಳಗಾವಿಯಲ್ಲಿ ಹದಿನೈದು ದಿನದ ತರಬೇತಿ ಪಡೆದು ಬಂದವನು ನಾನೊಬ್ಬನೇ. ಹದಿನೈದರಲ್ಲಿ ನಾಲ್ಕು ದಿನ ಜ್ವರ ಬಂದು ಮಲಗಿದ್ದೆ ಎಂಬುದನ್ನು ಯಾರಿಗೂ ಹೇಳಲಿಲ್ಲ.

ನಮ್ಮ ಟೈಪಿಸ್ಟರು ಸುಶೀಲಾಬಾಯಿ. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಎರಡರಲ್ಲೂ ಮಿತಭಾಷಿ. ಇಪ್ಪತ್ತೆರಡು ವರ್ಷ ಟೈಪ್‌ರೈಟರ್ ಬಡಿದ ಬೆರಳು ಅವರವು. ನಿವೃತ್ತಿಗೆ ಆಗ ಮೂರು ವರ್ಷ ಉಳಿದಿತ್ತು. ಆ ಟೈಪ್‌ರೈಟರನ್ನು ಕಪಾಟಿನಲ್ಲಿಡಿಸಿ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದವನು ನಾನೇ. ಅವರು ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಬರೆದುಕೊಂಡು ಕಲಿಯುವ ವಿದ್ಯೆ ಅಲ್ಲ ಇದು ಎಂದು ನಾನು ನಾಲ್ಕು ಜನರ ಮುಂದೆ ನಕ್ಕದ್ದುಂಟು. ಅವರು ತಲೆ ಎತ್ತದೆ ಬರೆಯುತ್ತಲೇ ಇದ್ದರು.

ಹಳೆಯ ಸಾಫ್ಟ್‌ವೇರ್ ಒಳ್ಳೆಯ ಸ್ವಭಾವದ್ದು. ಕಪ್ಪು ಪರದೆ, ಬಿಳಿ ಅಕ್ಷರ. ಕೆಲಸ ಮುಗಿಸಿ ಒಂದು ಕೀಲಿ ಒತ್ತಿದರೆ, ಬರೆದದ್ದನ್ನು ಉಳಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ‘ವೈ’ ಒತ್ತಿದರೆ ಆಯಿತು, ಉಳಿಸಿಕೊಂಡು ಮುಚ್ಚುತ್ತಿತ್ತು. ಎರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಓದುವುದನ್ನೇ ನಾನು ಬಿಟ್ಟಿದ್ದೆ. ಬೆರಳು ತಾನಾಗಿ ‘ವೈ’ ಮೇಲೆ ಹೋಗಿ ಕೂರುತ್ತಿತ್ತು.

ಆಮೇಲೆ ಹೊಸ ಆವೃತ್ತಿ ಬಂತು. ಹುಬ್ಬಳ್ಳಿಯಿಂದ ಒಬ್ಬಾತ ಫ್ಲಾಪಿಗಳ ಡಬ್ಬಿ ತಂದು, ಹಳೆಯದನ್ನು ಅಳಿಸಿ, ಹೊಸದನ್ನು ತುಂಬಿ, ಚಹಾ ಕುಡಿದು, ತೆಳ್ಳನೆಯ ಪುಸ್ತಕವೊಂದನ್ನು ಕೈಗಿಟ್ಟು ಹೋದ. ಮರುದಿನ ಸೆರಗು ಸರಿಸಿದರೆ ಒಳಗಿರುವುದು ಬೇರೆಯೇ ಸಂಸಾರ. ಪರದೆ ತುಂಬ ಬಣ್ಣ, ಮೇಲೆ ಸಾಲಾಗಿ ಚಿಕ್ಕ ಚಿತ್ರಗಳು. ಮೊದಲು ಎಡಗಡೆಯ ಅಕ್ಷರ ಅಳಿಸುತ್ತಿದ್ದ ಕೀಲಿ ಈಗ ಬಲಗಡೆಯದನ್ನು ನುಂಗುತ್ತಿತ್ತು. ಮೌಸು ಎಳೆದಾಗ ಸಾಲುಗಳು ಕಪ್ಪಾಗುತ್ತಿದ್ದವು. ಆ ಹೊತ್ತಿಗೆ ಅಪ್ಪಿತಪ್ಪಿ ಒಂದು ಕೀಲಿ ತಾಗಿದರೆ ಇಡೀ ಪುಟ ಮಾಯವಾಗಿ ಆ ಒಂದು ಅಕ್ಷರ ಮಾತ್ರ ಒಂಟಿಯಾಗಿ ನಿಂತಿರುತ್ತಿತ್ತು. ಕನ್ನಡದ ಕೀಲಿಗಳನ್ನೂ ಬಿಡದೆ ಜಾಗ ಬದಲಿಸಿದ್ದರು. ಶಿಕ್ಷಣಾಧಿಕಾರಿಗಳಿಗೆ ನಾನೇ ಬರೆದ ಪತ್ರದಲ್ಲಿ ‘ವಂದನೆಗಳು’ ಎಂಬುದು ‘ವದಂನೆಗಳು’ ಎಂದಾಗಿ, ಅದು ಸಹಿಯೊಂದಿಗೆ ಹೋಗಿಯೂ ಬಿಟ್ಟಿತು. ಮಾಸ್ತರರು ಬಂದು ಹೊಸದು ಹೇಗಿದೆ ಎಂದು ಕೇಳಿದರೆ, ಎಲ್ಲಾ ಮೊದಲಿನ ಹಾಗೇ, ಬಣ್ಣ ಅಷ್ಟೇ ಬೇರೆ ಎನ್ನುತ್ತಿದ್ದೆ. ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಹೋದ ಪುಟವನ್ನು ಹುಡುಕುತ್ತಿದ್ದೆ.

ಆ ತೆಳ್ಳನೆಯ ಪುಸ್ತಕವನ್ನು ನಾನು ಓದಲಿಲ್ಲ. ಸುಶೀಲಾಬಾಯಿ ಓದಿದರು. ಒಂದು ದಿನ ಬಂದು, ಆಗಾಗ ಈ ಫ್ಲಾಪಿಯ ಚಿತ್ರ ಒತ್ತಬೇಕಂತ ಇದರಾಗ ಬರದದ ಎಂದರು. ಬೇಕಾಗಿಲ್ಲ, ಮುಚ್ಚುವಾಗ ಅದೇ ಕೇಳುತ್ತದೆ, ‘ವೈ’ ಒತ್ತಿದರೆ ಸಾಕು ಎಂದೆ. ಅವರು ಪುಸ್ತಕ ಮುಚ್ಚಿ, ಹಾಗೇ ಆಗಲಿ ಎಂದು ಹೋದರು. ಮೇಲಿನವರು ಹೇಳಿದ ಮೇಲೆ ಮುಗಿಯಿತು ಎನ್ನುವ ಕಾಲದವರು ಅವರು.

ಅಲ್ಲಿಯವರೆಗೆ ಬರೆದದ್ದೆಲ್ಲ ಒಂದೊಂದು ಪುಟದ ಪತ್ರ; ಕಾಗದಕ್ಕೆ ಇಳಿಸಿದ ಮೇಲೆ ಅದು ಒಳಗೆ ಉಳಿಯಿತೋ ಇಲ್ಲವೋ ಯಾರೂ ನೋಡುತ್ತಿರಲಿಲ್ಲ. ಸಂಸ್ಥೆಯ ಸುವರ್ಣ ಮಹೋತ್ಸವ ಹತ್ತಿರ ಬಂದಿತ್ತು. ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಯಾದಿ ಬೇಕಿತ್ತು. ಶಾಯಿ ಮಾಸಿದ ದಾಖಲಾತಿ ಪುಸ್ತಕಗಳಿಂದ ಒಂದೊಂದೇ ಹೆಸರನ್ನು ಭೂತಗನ್ನಡಿ ಹಿಡಿದು ಓದಿ, ಒಂದು ಶನಿವಾರ ಬೆಳಗಿನಿಂದ ಸಂಜೆ ಐದರವರೆಗೆ ಸುಶೀಲಾಬಾಯಿ ಅದನ್ನು ಕಂಪ್ಯೂಟರಿಗೆ ಹಾಕಿದರು. ಕೊನೆಯ ಪುಟ ಉಳಿದಾಗ ಕಣ್ಣಿಗೆ ನೀರು ಹಾಕಿಕೊಂಡು ಬರುತ್ತೇನೆಂದು ಎದ್ದು ಹೋದರು. ಅದೇ ಹೊತ್ತಿಗೆ ನಮ್ಮ ಕಾರ್ಯದರ್ಶಿಗಳು ರಬಕವಿಯ ಇಬ್ಬರು ಅತಿಥಿಗಳನ್ನು ಕರೆದುಕೊಂಡು ಬಂದರು. ನಾನು ಸುಶೀಲಾಬಾಯಿಯವರ ಕುರ್ಚಿಯಲ್ಲಿ ಕೂತು, ಅಕ್ಷರ ದೊಡ್ಡದು ಮಾಡಿ, ಸಣ್ಣದು ಮಾಡಿ, ಬಣ್ಣ ಬದಲಿಸಿ ತೋರಿಸಿದೆ. ಅವರು ತಲೆದೂಗಿದರು. ಮುಚ್ಚುವುದನ್ನೂ ತೋರಿಸೋಣವೆಂದು ಮುಚ್ಚಿದೆ. ಒಂದು ಪ್ರಶ್ನೆ ಬಂತು. ಬೆರಳು ‘ವೈ’ ಒತ್ತಿತು. ಒತ್ತಿದ ಮೇಲೆ ಕಣ್ಣು ಓದಿತು: ಉಳಿಸದೆ ಮುಚ್ಚಲೇ?

ಅತಿಥಿಗಳು ಕಟ್ಟಡ ನೋಡಲು ಹೊರಗೆ ಹೋದರು. ನಾನು ಆ ಯಂತ್ರದ ಮೂಲೆಮೂಲೆ ಹುಡುಕಿದೆ. ಯಾದಿ ಇರಲಿಲ್ಲ. ಬೆವರು ನೋಡಿಯೋ ಏನೋ, ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿಗಳು ಏನಾಯಿತೆಂದು ಕೇಳಿದರು. ಸುಶೀಲಾಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅದೇ ಆಗ ಒಳಗೆ ಬಂದಿದ್ದರು. ಆಗ ನನ್ನ ಬಾಯಿಂದ ಹೊರಟ ಮಾತು ಇದು: “ಯಾದಿ ಹೋಗೇತ್ರಿ. ಬಾಯಿಯವರು ಏನೋ ತಪ್ಪು ಒತ್ಯಾರ ಕಾಣ್ತೈತಿ.”

ಸುಶೀಲಾಬಾಯಿ ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ, ಮಾಸಿದ ಹೆಸರನ್ನು ಓದುವಾಗ ನೋಡುತ್ತಾರಲ್ಲ, ಹಾಗೆ. ವಯಸ್ಸಾದವರಿಗೆ ಇಂಥ ಕೆಲಸ ಯಾಕೆ ಕೊಟ್ಟಿರಿ, ಯಾದಿಯನ್ನು ಹೊರಗಿನವರಿಂದ ಮಾಡಿಸಿ ಎಂದು ಕಾರ್ಯದರ್ಶಿಗಳು ನನಗೆ ಹೇಳಿದರು. ಬಾಯಿಯವರಿಗೆ ಹೇಳಲಿಲ್ಲ, ಅವರ ಎದುರಿಗೇ ನನಗೆ ಹೇಳಿದರು. ಆಗ ಮಾತ್ರ ಸುಶೀಲಾಬಾಯಿ, “ನಾಳೆ ರವಿವಾರ ಬಂದು ನಾನೇ ಮತ್ತ ಮಾಡ್ತೀನ್ರಿ. ಹೊರಗ ಕೊಡಬ್ಯಾಡ್ರಿ” ಎಂದರು.

ಮುಧೋಳದ ಮನೆಯಲ್ಲಿ ಅರ್ಧ ರೊಟ್ಟಿಗೇ ಕೈ ತೊಳೆದೆ. ಹೆಂಡತಿ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದೆ. ಅವಳು ಓಮಿನ ಕಷಾಯ ಕುಡಿಸಿದಳು. ರವಿವಾರ ಬೆಳಿಗ್ಗೆ, ಹೇಳಿಯೇ ಬಿಡಬೇಕೆಂದು ದಿನದ ಬಸ್ಸನ್ನೇ ಹಿಡಿದು ಜಮಖಂಡಿಯ ಕಚೇರಿಗೆ ಹೋದೆ. ಸುಶೀಲಾಬಾಯಿ ಆಗಲೇ ಕೂತು ಟೈಪ್ ಮಾಡುತ್ತಿದ್ದರು. ನಾನು ಓದಿ ಹೇಳಲೇ ಎಂದೆ. ಹೂಂ ಎಂದರು. ನಾನು ಹೆಸರು ಓದುತ್ತಿದ್ದೆ, ಅವರು ಒತ್ತುತ್ತಿದ್ದರು. ಹತ್ತು ಹೆಸರಿಗೊಮ್ಮೆ ಆ ಫ್ಲಾಪಿಯ ಚಿತ್ರಕ್ಕೆ ಮೌಸು ಒಯ್ದು ಟಕ್ ಎನಿಸುತ್ತಿದ್ದರು. ಆ ಟಕ್ ನನ್ನ ತಲೆಯ ಮೇಲೇ ಬೀಳುತ್ತಿತ್ತು. ಇನ್ನು ಹತ್ತು ಹೆಸರಾದ ಮೇಲೆ ಹೇಳುತ್ತೇನೆ ಎಂದುಕೊಂಡೇ ಮಧ್ಯಾಹ್ನವಾಯಿತು. ಡಬ್ಬಿಯ ಚಪಾತಿಯಲ್ಲಿ ನನಗೂ ಎರಡು ಕೊಟ್ಟರು, ತಿಂದೆ. ಊಟವಾದ ಮೇಲೆ ‘ಸುಶೀಲಾ’ ಎಂದು ಶುರುವಾಗುವ ಒಂದು ಹೆಸರನ್ನು ಓದಿದೆ. ತಂದೆಯ ಹೆಸರು, ಅಡ್ಡಹೆಸರು ನನಗೆ ಪರಿಚಯದವಲ್ಲ. ಅವರ ಕೈ ನಿಂತಿತು. ಅದು ನನ್ನದು, ಮದುವೆಗೆ ಮೊದಲಿನದು ಎಂದು ಹೇಳಿ, ಹೆಸರು ಒತ್ತಿ, ಹತ್ತು ತುಂಬುವ ಮೊದಲೇ ಆ ಚಿತ್ರವನ್ನು ಒಮ್ಮೆ ಒತ್ತಿದರು. ನಾನು ಮುಂದಿನ ಹೆಸರು ಓದಿದೆ. ಅಲ್ಲೂ ಹೇಳಲಿಲ್ಲ.

ಸೋಮವಾರ ಕಾರ್ಯದರ್ಶಿಗಳ ಕೋಣೆಗೆ ಹೋಗಿ, ತಪ್ಪು ನನ್ನದು, ಬಾಯಿಯವರದಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಬಹಳ ಹೊತ್ತು ನನ್ನನ್ನು ಪ್ರೀತಿಯಿಂದ ನೋಡಿದರು. ಹೆಣ್ಣುಮಗಳಿಗೆ ನೋವಾಗಬಾರದೆಂದು ಅದನ್ನು ನಿಮ್ಮ ಮೈಮೇಲೆ ಹಾಕಿಕೊಳ್ಳುತ್ತೀರಲ್ಲ, ರವಿವಾರ ಬಂದು ದುಡಿದದ್ದೂ ಗೊತ್ತಾಗಿದೆ ಎಂದರು. ಇಲ್ಲ, ಖರೆ ಹೇಳುತ್ತಿದ್ದೇನೆ ಎಂದು ಎರಡು ಸಲ ಅಂದೆ. ಅಂದಷ್ಟೂ ನನ್ನ ದೊಡ್ಡತನ ಅವರ ಕಣ್ಣಲ್ಲಿ ಬೆಳೆಯಿತು. ಮೂರನೆಯ ಸಲ ಅನ್ನಬಹುದಿತ್ತು. ಅನ್ನಲಿಲ್ಲ. ಮಧ್ಯಾಹ್ನ ಚಹಾದ ಹೊತ್ತಿಗೆ, ಕೈಕೆಳಗಿನವರ ತಪ್ಪನ್ನು ಹೇಗೆ ಹೊರಬೇಕೆಂದು ನನ್ನನ್ನು ನೋಡಿ ಕಲಿಯಬೇಕೆಂದು ಎಲ್ಲ ಮಾಸ್ತರರ ಮುಂದೆ ಹೊಗಳಿದರು. ಸುಶೀಲಾಬಾಯಿ ಮೂಲೆಯ ಕುರ್ಚಿಯಲ್ಲಿ ಬಶಿಗೆ ಚಹಾ ಹೊಯ್ದುಕೊಂಡು ಕುಡಿಯುತ್ತಿದ್ದರು.

ಮಂಗಳವಾರ ಕೋಣೆಯಲ್ಲಿ ಇಬ್ಬರೇ ಇದ್ದಾಗ, ಕಾರ್ಯದರ್ಶಿಗಳಿಗೆ ನಾನು ಇದ್ದದ್ದನ್ನೇ ಹೇಳಿದೆ, ಅವರು ನಂಬಲಿಲ್ಲ ಎಂದು ಶುರುಮಾಡಿದೆ.

“ಅವರಿಗೆ ಹೇಳೀರಿ,” ಎಂದರು ಸುಶೀಲಾಬಾಯಿ, ಪರದೆಯಿಂದ ಕಣ್ಣು ತೆಗೆಯದೆ. “ನನಗ ಹೇಳಿಲ್ಲ.”

ಹೌದು. ಇಡೀ ರವಿವಾರ ಒಂದು ಮೊಳ ದೂರದಲ್ಲಿ ಕೂತು ಊರಿನವರೆಲ್ಲರ ಹೆಸರು ಓದಿದವನು, ಅವರಿಗೇ ಹೇಳಿರಲಿಲ್ಲ. ಎದ್ದು ನಿಂತೆ; ಯಾಕೆ ನಿಂತೆನೋ ಗೊತ್ತಿಲ್ಲ. ಯಾದಿ ಅಳಿಸಿದವನು ನಾನು, ಪ್ರಶ್ನೆ ಓದದೆ ಒತ್ತಿದೆ, ಈ ಹೊಸದು ನನಗೆ ಬರುವುದಿಲ್ಲ, ಮೊದಲ ದಿನದಿಂದಲೂ ಬಂದಿಲ್ಲ, ಸುಳ್ಳು ಹೇಳಿ ನಿಮ್ಮ ಮೇಲೆ ಹಾಕಿದೆ ಎಂದೆ. ಸಾಲಿಯಲ್ಲಿ ಪಾಠ ಒಪ್ಪಿಸುವ ಹುಡುಗನ ಹಾಗೆ, ನಿಂತೇ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಕೇಳಿದರು, “ಇಷ್ಟು ಹೇಳಲಿಕ್ಕೆ ಮೂರು ದಿನ ಯಾಕ ಬೇಕಾತ್ರಿ?”

ಬಸ್ಸು ತಡವಾಯಿತು ಎನ್ನಲು ನನ್ನ ಬಾಯಿ ಆಗಲೇ ತೆರೆದಿತ್ತು.