ಫೋಟೋ ನಂಬರ್ ಮೂರರಲ್ಲಿ ನಮ್ಮ ಮಾವ

ಆಳಂದದ ತಹಸೀಲ್ ಕಚೇರಿ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟವನು ಅಂದರೆ ಸಾಮಾನ್ಯ ಮನುಷ್ಯ ಅಂತ ದಯವಿಟ್ಟು ತಿಳಿಯಬೇಡಿ. ಪಹಣಿ, ಆದಾಯ ಪತ್ರ, ಬೆಳೆ ವಿಮೆ, ಯಾವ ಅರ್ಜಿಯೇ ಇರಲಿ, ಸುತ್ತಲಿನ ಹಳ್ಳಿಯವರು ನನ್ನ ಕಂಪ್ಯೂಟರಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. "ನಿಮ್ಮ ಕೈಲೆ ತುಂಬಿಸಿದ ಅರ್ಜಿ ವಾಪಸ್ ಬರಂಗಿಲ್ರಿ" ಎಂದು ಹೊಗಳುತ್ತಾರೆ. ಅಂಥವನು ತನ್ನ ಸ್ವಂತ ಅರ್ಜಿಯನ್ನು ತನ್ನ ಸ್ವಂತ ಕಂಪ್ಯೂಟರಿನಲ್ಲಿ ತುಂಬಿ ಹೇಗೆ ಮಣ್ಣು ಮುಕ್ಕಿದ ಎಂಬುದನ್ನು ನಾನೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನಮ್ಮ ಮಾವ ಹೇಳುತ್ತಾರೆ. ಅವರು ಹೇಳಿದರೆ ನನ್ನ ಮರ್ಯಾದೆ ಇನ್ನೂ ಕಡಿಮೆ ಉಳಿಯುತ್ತದೆ!

ನಮ್ಮದೊಂದು ಹಳೆಯ ಕಾರು. ಅದರ ಸೆಲ್ಫ್ ಮೋಟರ್ ಕೆಟ್ಟಿತು. ಕೀಲಿ ತಿರುವಿದ ಕೂಡಲೇ ಎಂಜಿನನ್ನು ಎಬ್ಬಿಸುವುದು ಈ ಸೆಲ್ಫಿನ ಕೆಲಸ. ಅದು ಕೆಟ್ಟರೆ ಎಂಜಿನನ್ನು ಎಬ್ಬಿಸಲು ಮೊದಲು ಓಣಿಯವರನ್ನು ಎಬ್ಬಿಸಬೇಕು. ಅವರು ಬಂದು ತಳ್ಳಬೇಕು. ಬೇರೆ ದಿನಗಳಾಗಿದ್ದರೆ ಹಾಗೇ ನಡೆಸುತ್ತಿದ್ದೆ. ಆದರೆ ಜೇವರ್ಗಿಯಲ್ಲಿ ನನ್ನ ಹೆಂಡತಿ ಜಗದೇವಿಯ ತಂಗಿ ಸರೋಜಾಳ ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. ಚೊಚ್ಚಲ ಬಸುರಿ. ಅಕ್ಕನ ಮನೆಯಿಂದ ಬುತ್ತಿ ಹೋಗಲೇಬೇಕು.

ನಮ್ಮಲ್ಲಿ ಇನ್ನೂ ಕಾರಿಲ್ಲದಾಗ ಸರೋಜಾಳ ಮದುವೆಯಲ್ಲಿ ಅವಳ ಅತ್ತೆಮನೆಯವರು ಯಾರೋ, "ಹಿರೇ ಅಳಿಯಾಂದು ಗಾಡಿ ಇಲ್ಲೇನ್ರಿ?" ಎಂದು ಕೇಳಿದ್ದರಂತೆ. ಅವರು ಕೇಳಿ ಮರೆತರು. ಜಗದೇವಿ ಮರೆಯಲಿಲ್ಲ.

"ಈ ಸರ್ತಿ ನಾ ಅವ್ರ ಬಾಗಲ ಮುಂದ ನಮ್ಮ ಕಾರಿನ್ಯಾಗಿಂದ ಇಳೀಬೇಕು ನೋಡ್ರಿ. ಬುತ್ತಿ ಗಂಟು ಹೊತ್ಕೊಂಡು ಬಸ್ ಸ್ಟ್ಯಾಂಡಿನಿಂದ ನಡಕೋತ ಹೋಗಂಗಿಲ್ಲ" ಎಂದಳು.

"ಇಳಿಸ್ತೇನಿ" ಎಂದೆ. ಎಷ್ಟು ಸುಲಭದ ಮಾತು ನೋಡಿ!

ಸೊಲ್ಲಾಪುರಕ್ಕೆ ಹೋಗಿ ಹೊಸ ಸೆಲ್ಫ್ ತಂದೆ. ಕ್ರೆಡಿಟ್ ಕಾರ್ಡಿನಲ್ಲಿ ತಂದೆ. ಬರುವ ದಾರಿಯಲ್ಲಿ ಗಡಿಯ ಖಜೂರಿಯಲ್ಲಿ ನನ್ನ ಮಾವ, ಜಗದೇವಿಯ ಅಪ್ಪ ಗುರಲಿಂಗಪ್ಪನವರನ್ನೂ ಕರೆದುಕೊಂಡು ಬಂದೆ. ಮಾವ ಹಳೆಯ ಕಾಲದ ರೈತರು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ಒಂದೇ ಏಟಿಗೆ ತೆಂಗಿನಕಾಯಿ ಸರಿಯಾಗಿ ಎರಡು ಹೋಳು ಮಾಡುವುದರಲ್ಲಿ ಅವರಿಗೆ ಊರಲ್ಲೆಲ್ಲ ಹೆಸರು. ಹೊಸ ಬೋರ್‌ವೆಲ್ ಇರಲಿ, ಹೊಸ ಟ್ರ್ಯಾಕ್ಟರ್ ಇರಲಿ, ಅವರನ್ನೇ ಕರೆಯುತ್ತಾರೆ. ಮರುದಿನ ಅಮಾವಾಸ್ಯೆ ಬೇರೆ ಇತ್ತು. ಹೊಸ ಕಬ್ಬಿಣ ಮನೆಗೆ ಬಂದ ಮೇಲೆ ಪೂಜೆಯಾಗದೆ ಗಾಡಿಗೆ ಕೂರಿಸುವುದುಂಟೆ?

ಮಣೆಯ ಮೇಲೆ ಸೆಲ್ಫನ್ನು ಕೂರಿಸಿದೆವು. ವಿಭೂತಿ ಬಳಿದು, ಕುಂಕುಮ ಇಟ್ಟು, ಒಂದು ಚೆಂಡು ಹೂ ಸಿಕ್ಕಿಸಿದಾಗ ಅದಕ್ಕೂ ಒಂದು ಕಳೆ ಬಂತು. ಮಾವ ತೋಳು ಮಡಚಿದರು.

"ಅಳಿಯಾರ, ನೇಗಲಾ ಇರ್ಲಿ, ಕುಂಟಿ ಇರ್ಲಿ, ಹೊಸಾ ಕಬ್ಬಿಣಕ್ಕ ಕಾಯಿನೀರು ಕುಡಿಸಬೇಕು. ನಮ್ಮ ಮನಿ ಪದ್ಧತಿ ಇದು" ಎಂದು ಹೇಳಿ, ಸೆಲ್ಫಿನ ನೆತ್ತಿಗೇ ಕಾಯಿ ಅಪ್ಪಳಿಸಿದರು. ಒಂದೇ ಏಟು! ಎರಡು ಹೋಳು! ನೀರನ್ನು ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ಸೆಲ್ಫಿನ ಮೇಲೇ ಸುರಿದರು. ನೆರೆಯವರು ಚಪ್ಪಾಳೆ ಹೊಡೆದರು. ನಾನು ಫೋಟೋ ಹೊಡೆದೆ.

ಮಸ್ತಾನ್ ಮಿಸ್ತ್ರಿ ಅದನ್ನು ಗಾಡಿಗೆ ಕೂರಿಸಿದ. ಮಾವ ಸಂತೋಷದಿಂದ ಖಜೂರಿಗೆ ಮರಳಿದರು. ಸೆಲ್ಫ್ ಕೆಲವು ದಿನ ಚೆನ್ನಾಗಿಯೇ ದುಡಿದು, ಆಮೇಲೆ ಕೀಲಿ ತಿರುವಿದರೆ "ಟಕ್" ಎಂದು ಒಂದು ಮಾತು ಹೇಳಿ ಸುಮ್ಮನಾಗತೊಡಗಿತು.

"ಪೀಸೇ ಖರಾಬ್ ಅದ್ರಿ. ಕಂಪನಿ ಮಿಸ್ಟೇಕ್" ಎಂದು ಮಸ್ತಾನ್ ತೀರ್ಪು ಕೊಟ್ಟ. ಸೊಲ್ಲಾಪುರದ ಅಂಗಡಿಯವನಿಗೆ ಫೋನ್ ಮಾಡಿದರೆ, "ಇಲೆಕ್ಟ್ರಿಕಲ್ ಮಾಲ್ ಪರತ್ ಘೇತ್ ನಾಹೀ", ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟ.

"ಹೋಗ್ಲಿ ಬಿಡ್ರಿ, ಹಳೇದೊಂದು ಸೆಲ್ಫ್ ಹುಡುಕಿ ಕೂಡಸ್ತೇನಿ" ಎಂದ ಮಸ್ತಾನ್. ಜಗದೇವಿಯೂ, "ಹೂಂ ಅನ್ರಿ, ಕುಬಸ ಮುಗೀಲಿ" ಎಂದಳು. ಅಲ್ಲಿಗೇ ಮುಗಿಯಬೇಕಾಗಿದ್ದ ಕತೆ ಇದು. ಆದರೆ ಓದಿದವನ ಮನೆಯಲ್ಲಿ ಅಷ್ಟು ಸುಲಭಕ್ಕೆ ಯಾವುದೂ ಮುಗಿಯುವುದಿಲ್ಲ.

ಕಾರ್ಡಿನ ಜತೆ ಬಂದಿದ್ದ ಪುಸ್ತಕವನ್ನು ಕಡೆಯ ಪುಟದವರೆಗೆ ಓದಿದವನು ನಮ್ಮ ಊರಿನಲ್ಲಿ ನಾನೊಬ್ಬನೇ ಇರಬೇಕು. ಅದರಲ್ಲಿ 'ಖರೀದಿ ರಕ್ಷಣೆ' ಎಂಬ ಸೌಲಭ್ಯವಿತ್ತು. ಕಾರ್ಡಿನಲ್ಲಿ ಕೊಂಡ ವಸ್ತುವಿಗೆ ಏನಾದರೂ ಆದರೆ ಪರಿಹಾರ! "ಸೆಲ್ಫನ್ನು ಯಾರೂ ಬಿಚ್ಚಕೂಡದು. ಅದು ಈಗ ಬಿಡಿಭಾಗವಲ್ಲ, ಸಾಕ್ಷ್ಯ" ಎಂದು ಘೋಷಿಸಿದೆ. ಮಸ್ತಾನ್ ಪಾನಾ ಕೆಳಗಿಟ್ಟು ನನ್ನನ್ನು ಭಕ್ತಿಯಿಂದ ನೋಡಿದ. ಜಗದೇವಿ ಬೇರೆ ರೀತಿಯಿಂದ ನೋಡಿದಳು.

ಅರ್ಜಿಗೆ ಎಷ್ಟು ಲಗತ್ತು ಇದ್ದರೆ ಅಷ್ಟು ತೂಕ ಎಂಬುದು ನನ್ನ ವೃತ್ತಿಯ ನಂಬಿಕೆ. ರಸೀದಿ ಹಚ್ಚಿದೆ. ಸೆಲ್ಫಿನ ಡಬ್ಬಿಯ ಫೋಟೋ ಹಚ್ಚಿದೆ, ಡಬ್ಬಿಯಿಂದ ತೆಗೆದ ಸೆಲ್ಫಿನದು ಹಚ್ಚಿದೆ. ವಸ್ತುವನ್ನು ನಾವು ಎಷ್ಟು ಗೌರವದಿಂದ ನೋಡಿಕೊಂಡಿದ್ದೆವು ಎಂದು ತೋರಿಸಲು ಪೂಜೆಯದನ್ನೂ ಹಚ್ಚಿದೆ!

ಕೆಲವು ದಿನಕ್ಕೆ ಕ್ಲೇಮ್ ಆಫೀಸಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಬಹಳ ನಯವಾದ ಬೆಂಗಳೂರಿನ ದನಿ.

"ಸರ್, ವಸ್ತು ತಾನಾಗೇ ಕೆಟ್ಟರೆ ನಾವು ಕೊಡೋಕಾಗಲ್ಲ, ಅದು ಅಂಗಡಿಯವರ ಜವಾಬ್ದಾರಿ. ಆದರೆ ಫೋಟೋ ನಂಬರ್ ಮೂರು ನೋಡ್ತಿದ್ದೆ. ಒಬ್ಬರು ವಯಸ್ಸಾದವರು ಆ ವಸ್ತುವಿಗೆ ಏನೋ ತಗೊಂಡು ಹೊಡೀತಿದ್ದಾರೆ ಸರ್."

"ಅದು ತೆಂಗಿನಕಾಯಿ ಮೇಡಂ. ನಮ್ಮ ಮಾವ."

"ಒಳಗಡೆ ನೀರು ಹೋಗ್ತಿರೋ ಹಾಗಿದೆ ಸರ್. ಹಿಂದೆ ಜನ ಚಪ್ಪಾಳೆ ತಟ್ತಿದ್ದಾರೆ."

ಆಗ ನನಗೆ ಹೊಳೆಯಿತು. ಕಂಪನಿಯ ತಪ್ಪೂ ಅಲ್ಲ, ಅಂಗಡಿಯ ತಪ್ಪೂ ಅಲ್ಲ. ಸೆಲ್ಫನ್ನು ಕೊಂದದ್ದು ಕಾಯಿನೀರು. ಕೊಲೆಯ ಫೋಟೋವನ್ನು ನಾನೇ ತೆಗೆದು, ನಾನೇ ಕಳಿಸಿದ್ದೆ!

ಆದರೆ ಹುಡುಗಿ ಒಳ್ಳೆಯವಳು. "ಕೈ ತಪ್ಪಿ ಆಕಸ್ಮಿಕವಾಗಿ ನೀರು ಬಿದ್ದಿದ್ರೆ ಕ್ಲೇಮ್ ಆಗತ್ತೆ ಸರ್. ಬೇಕಂತಲೇ ಮಾಡಿದ್ರೆ ಆಗಲ್ಲ" ಎಂದಳು. ನಾನು ತಕ್ಷಣ, "ಹಿರಿಯರ ಕೈ ತಪ್ಪಿ ಈ ದುರ್ಘಟನೆ ಸಂಭವಿಸಿರುತ್ತದೆ" ಎಂದು ಬರೆದು ಕಳಿಸಿದೆ. ಆಫೀಸಿನವರು, ಆ ಹಿರಿಯರೇ ಫೋನಿನಲ್ಲಿ ಒಂದು ಮಾತು ಹೇಳಲಿ ಎಂದರು. ಇಲ್ಲಿಯೇ ಎಡವಟ್ಟು. ಸೆಲ್ಫ್ ಕೆಟ್ಟ ಸುದ್ದಿಯನ್ನೇ ನಾನು ಮಾವನಿಗೆ ಹೇಳಿರಲಿಲ್ಲ. ಅವರು ಪೂಜೆ ಮಾಡಿದ ವಸ್ತು ಕೆಟ್ಟಿತು ಎನ್ನಲು ನಾಲಿಗೆ ಏಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವಷ್ಟರಲ್ಲಿ ಕುಬಸದ ದಿನವೇ ಬಂತು.

ಹಿಂದಿನ ಸಂಜೆಯೇ ಮಾವ ನಮ್ಮಲ್ಲಿಗೆ ಬಂದಿದ್ದರು. ಬೆಳಿಗ್ಗೆ ಅವರು ಒಳಗೆ ಲಿಂಗಪೂಜೆಗೆ ಕೂತ ಹೊತ್ತು ನೋಡಿ, ಓಣಿಯವರು ಕಳ್ಳರ ಹಾಗೆ ಸದ್ದಿಲ್ಲದೆ ಕಾರು ತಳ್ಳಿ ಚಾಲೂ ಮಾಡಿಕೊಟ್ಟರು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಸಜ್ಜಿ ರೊಟ್ಟಿ, ನಾಲ್ಕು ಬಗೆಯ ಪಲ್ಯ ಎಲ್ಲ ಡಿಕ್ಕಿಗೆ ಏರಿದವು. ಜಗದೇವಿ ಹಸಿರು ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಾಗ ಅವಳ ಮುಖ ನೋಡಿ ನನಗೂ ಹೆಮ್ಮೆಯಾಯಿತು. ಜೇವರ್ಗಿ ಮುಟ್ಟುವ ತನಕ ಎಂಜಿನ್ ಆರಿಸುವುದಿಲ್ಲ ಎಂದು ಮನಸ್ಸಿನಲ್ಲೇ ಪಣ ತೊಟ್ಟೆ.

ಅಫಜಲಪುರ ದಾಟಿದ ಮೇಲೆ ಮಾವ, "ಗಾಣಗಾಪುರದ ಮ್ಯಾಲೆ ಹಾದು ಹೋಗೂಣು. ಚಂದ ಕೆಲಸಕ್ಕ ಹೊಂಟೇವಿ, ದೇವರಿಗೆ ಕೈ ಮುಗೀಲಿಕ್ಕಿ ಬ್ಯಾಡೇನು?" ಎಂದರು. ಬೇಡ ಎನ್ನಲು ಯಾವ ಕಾರಣ ಕೊಡಲಿ? ಗುಡಿಯ ಹತ್ತಿರ ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ನಾನು ಒಳಗೇ ಕೂತೆ. ಅಪ್ಪ ಮಗಳು ದರ್ಶನ ಮುಗಿಸಿ ಬಂದರು.

"ಇಷ್ಟ ದೂರ ಬಂದೀರಿ, ನೀವೂ ಹೋಗಿ ಬರ್ರಿ ಅಳಿಯಾರ. ಗಾಡಿ ನಾ ನೋಡ್ಕೋತೇನಿ" ಎಂದರು ಮಾವ.

"ಕೀಲಿ ಮಾತ್ರ ಮುಟ್ಟಬ್ಯಾಡ್ರಿ" ಎಂದು ಹೇಳಿ ಓಡಿದೆ. ದೇವರ ಮುಂದೆ ನಿಂತು ಕೇಳಿಕೊಂಡದ್ದೂ ಎಂಜಿನಿನ ಬಗ್ಗೆಯೇ.

ತಿರುಗಿ ಬಂದರೆ ಕಾರು ಮೌನವಾಗಿತ್ತು. ಮಾವನ ಕೈಯಲ್ಲಿ ಕೀಲಿ ಇತ್ತು.

"ಸುಮ್ಕ ಎಣ್ಣಿ ಸುಡಾಕತ್ತಿತ್ತು. ಬಂದ್ ಮಾಡೇನಿ. ಹೊಸಾ ಸೆಲ್ಫ್ ಅದಲ್ಲ, ತಿರುವ್ರಿ!"

ತಿರುವಿದೆ. ಟಕ್. ಮತ್ತೆ ತಿರುವಿದೆ. ತಿರುವಿ ತಿರುವಿ ಬ್ಯಾಟರಿಯ ಜೀವವೂ ಹೋಗಿ ಆ "ಟಕ್" ಕೂಡ ನಿಂತಿತು. ಜಗದೇವಿ ಕಿಟಕಿಯಾಚೆ ನೋಡುತ್ತ ಕೂತಳು. ಅದೇ ಗಳಿಗೆಗೆ ನನ್ನ ಫೋನ್ ರಿಂಗಾಯಿತು. ಕ್ಲೇಮ್ ಆಫೀಸಿನ ಹುಡುಗಿ!

"ಸರ್, ಇವತ್ತು ನಿಮ್ಮ ಮಾವನವರ ಹೇಳಿಕೆ ತಗೊಂಡ್ರೆ ಫೈಲ್ ಮುಗಿಸ್ತೀನಿ."

ಫೋನಿಗೆ ಕೈ ಅಡ್ಡ ಹಿಡಿದು, ಮಾವನಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. "ಮಾವಾರ, ಕೈ ತಪ್ಪಿ ಹೊಡೀತು ಅಂತ ಒಂದ ಮಾತು ಹೇಳ್ರಿ. ಅಷ್ಟ ಸಾಕು." ಮಾವ ಮೀಸೆ ಸವರಿ ಫೋನ್ ಇಸಿದುಕೊಂಡರು. ನಾನು ಸ್ಪೀಕರ್ ಒತ್ತಿದೆ. ಅದೂ ನನ್ನದೇ ತಪ್ಪು.

"ಸರ್, ತೆಂಗಿನಕಾಯಿ ಒಡೆಯುವಾಗ ನಿಮ್ಮ ಕೈ ತಪ್ಪಿತ್ತಾ?"

"ಯಾರ ಕೈ?"

"ನಿಮ್ಮ ಕೈ ಸರ್."

"ಯವ್ವಾ, ನಿನಗ ಯಾರ ಹೇಳ್ಯಾರ? ನಾ ಸಣ್ಣಾವ ಇದ್ದಾಗಿಂದ ಕಾಯಿ ಒಡೀತೇನಿ! ಖಜೂರಿಗಿ ಬಂದು ಯಾರನ್ನರ ಕೇಳು, ಒಂದ ಸರ್ತಿ ನನ್ನ ಕೈ ತಪ್ಪಿಲ್ಲ!"

"ಅಂದ್ರೆ ಬೇಕಂತಲೇ ಅದರ ಮೇಲೆ ಹೊಡೆದ್ರಾ ಸರ್?"

"ಬೇಕಂತಲೇ! ಗುರಿ ಇಟ್ಟು ಹೊಡದೇನಿ! ನೀರೂ ಬೇಕಂತಲೇ ಕುಡಿಸೇನಿ! ಕಾಯಿನೀರಿಗೆ ಕೆಡೂ ಯಂತ್ರ ಒಂದು ಯಂತ್ರ ಏನು?"

ಅಷ್ಟು ಹೊತ್ತಿಗೆ ಕಾರಿನ ಸುತ್ತ ಯಾತ್ರಿಕರು ಸೇರಿದ್ದರು. ಮಹಾರಾಷ್ಟ್ರದ ಕಡೆಯ ಯಾರೋ ಒಬ್ಬರು, "ಶಾಬ್ಬಾಸ್!" ಎಂದರು. ಫೋನಿನೊಳಗಿಂದ ಹುಡುಗಿ ನಯವಾಗಿ, "ಧನ್ಯವಾದ ಸರ್, ಕ್ಲೇಮ್ ಕ್ಲೋಸ್ ಮಾಡ್ತಿದೀನಿ" ಎಂದಳು.

ಯಾತ್ರಿಕರು ಪುಣ್ಯದ ಕೆಲಸವೆಂದು ಕಾರು ತಳ್ಳಿದರು. ಒಂದು ಲಾಡ್ಜಿನ ಮೆಟ್ಟಿಲವರೆಗೆ ತಳ್ಳಿದರು. ಅದು ಏಳಲಿಲ್ಲ. ಕಡೆಗೆ ಕಾರನ್ನು ಅಲ್ಲೇ ಬಿಟ್ಟು, ಒಂದು ಟಂಟಂ ಆಟೋ ಗೊತ್ತು ಮಾಡಿ ಬುತ್ತಿಯನ್ನೆಲ್ಲ ಅದಕ್ಕೆ ಏರಿಸಿದೆವು. ಜಗದೇವಿ ದಾರಿಯುದ್ದಕ್ಕೂ ಬುತ್ತಿ ಗಂಟನ್ನು ಗಟ್ಟಿಯಾಗಿ ಹಿಡಿದು ಕೂತಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಧೂಳು ತಾಗದಂತೆ ಅವಳು ಹೊಸ ಸೀರೆಯ ಸೆರಗನ್ನು ಹೋಳಿಗೆ ಬುಟ್ಟಿಗೆ ಮುಚ್ಚಿದಳು. ಹಳೆಯ ಸೆಲ್ಫ್ ಕೂರಿಸಿಕೊಂಡಿದ್ದರೆ ಸಾಕಾಗಿತ್ತು.

ಜೇವರ್ಗಿಯಲ್ಲಿ ಬಾಗಿಲ ಮುಂದೆ ಬೀಗರೆಲ್ಲ ನಿಂತಿದ್ದರು. ಟಂಟಂ ಭಡಭಡ ಎಂದು ಬಂದು ನಿಂತಿತು. ಸರೋಜಾಳ ಅತ್ತೆ, "ಕಾರ್ ಎಲ್ಲಿ ಐತ್ರಿ?" ಎಂದು ಕೇಳಿಯೇಬಿಟ್ಟರು. ಜಗದೇವಿ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಟಂಟಂನಿಂದ ರಥದಿಂದಿಳಿದವರಂತೆ ಇಳಿದು, "ಅಯ್ಯ, ಕಾರಿನ ಮಾತ ಇರ್ಲಿ! ಇವತ್ತ ನನ್ನ ಕೈ ಬಗ್ಗೆ ವಿಚಾರ್ಸಾಕ ಬ್ಯಾಂಕಿನವ್ರು ಬೆಂಗಳೂರಿನಿಂದ ಫೋನ್ ಮಾಡಿದ್ರು!" ಎಂದು ಶುರು ಮಾಡಿದರು. ಗುರಿ ಇಟ್ಟದ್ದು, ಹೊಡೆದದ್ದು, ಯಾತ್ರಿಕರು ಶಾಬ್ಬಾಸ್ ಅಂದದ್ದು, ಒಂದನ್ನೂ ಬಿಡಲಿಲ್ಲ. ಬೀಗರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಟಂಟಂನವನು ಬಾಡಿಗೆ ಇಸಿದುಕೊಂಡು ಹೋದದ್ದನ್ನೂ ಯಾರೂ ನೋಡಲಿಲ್ಲ. ಸರೋಜಾ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು. ಜಗದೇವಿಯೂ ನಗತೊಡಗಿದಳು.

"ಮತ್ತ ನಿಮ್ಮ ಅಳಿಯಾರು ಏನ್ ಮಾಡಿದ್ರು?" ಎಂದು ಬೀಗರು ಕೇಳಿದರು.

ಮಾವ ನನ್ನ ಹೆಗಲ ಮೇಲೆ ಕೈ ಇಟ್ಟರು. "ಪಾಪ, ನನ್ನ ಬಾಯಾಗಿಂದ ಒಂದು ಸುಳ್ಳ ಹೇಳ್ಸಾಕ ನೋಡಿದ್ರು. ಅಳಿಯಾರು ಭಾಳ ಛಲೋ ಮನಷ್ಯಾರ್ರಿ. ಒಂದು ಸುಳ್ಳನೂ ನೆಟ್ಟಗ ದಾಟ್ಸಾಕ ಬರಂಗಿಲ್ಲ."

ಇದನ್ನು ನಾನು ಹೊಗಳಿಕೆ ಎಂದೇ ಸ್ವೀಕರಿಸಿದೆ. ಆ ದಿನ ನನಗೆ ಮಂಜೂರಾದದ್ದು ಅದೊಂದೇ!