ಏಕಾದಶಿಯ ಬಿಲ್ಡ್

ಕೋಪವು ತಪಸ್ಸನ್ನು ಸುಡುತ್ತದೆಂದು ಹಿರಿಯರು ಹೇಳುತ್ತಾರೆ. ಸುಡಲಿ. ನನ್ನಲ್ಲಿ ತಪಸ್ಸೇನೂ ರಾಶಿ ಬಿದ್ದಿಲ್ಲ. ಕೋಪವಾದರೋ ಯಥೇಚ್ಛವಾಗಿದೆ, ಅದರ ಬಹುಪಾಲನ್ನು ಈಚೆಗೆ ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಗೂ ಅದರ ಪಂಡಿತರಿಗೂ ಮೀಸಲಿಟ್ಟಿದ್ದೇನೆ.

ಪಾಠಶಾಲೆಯಲ್ಲಿ ತರ್ಕ ಓದಿ, ಕೇಂದ್ರ ಸರ್ಕಾರದ ಕಡತಗಳಲ್ಲಿ ಸವೆದು, ಈಗ ಮಯೂರ್ ವಿಹಾರದ ಫ್ಲ್ಯಾಟಿನಲ್ಲಿ ಸಂಧ್ಯಾವಂದನೆ ಮಾಡಿಕೊಂಡಿರುವ ಮುದುಕನಿಗೆ ಇದೆಲ್ಲ ಏಕೆಂದು ನೀವು ಕೇಳಬಹುದು. ಕಾರಣ, ಸೂರ್ಯ. ಊರಿನಿಂದ ನಮಗೆ ಬರುವ ಪಂಚಾಂಗವನ್ನು ಊರಿನ ಸೂರ್ಯೋದಯಕ್ಕೆ ಗಣಿಸಿರುತ್ತಾರೆ. ದೆಹಲಿಯ ಸೂರ್ಯ ಚಳಿಗಾಲದಲ್ಲಿ ಸೋಮಾರಿ, ಬೇಸಿಗೆಯಲ್ಲಿ ಅವಸರದವನು. ಅರುಣೋದಯದಲ್ಲಿ ದಶಮಿಯ ಸೋಂಕಿದ್ದರೆ ಅಂದು ಏಕಾದಶಿಯ ಉಪವಾಸ ಸಲ್ಲದು, ಮರುದಿನ ಮಾಡಬೇಕು. ಅಲ್ಲಿಯ ಗಣಿತವನ್ನು ನಂಬಿ ಇಲ್ಲಿ ಉಪವಾಸವಿದ್ದರೆ ಹಸಿವಷ್ಟೇ ಲಾಭ.

ನೋಯ್ಡಾದ ಸಾಫ್ಟ್‌ವೇರ್ ಕಚೇರಿಯಲ್ಲಿರುವ ಮಗಳು ಮಾಧವಿ ಈ ಭಾಷೆಯನ್ನು ತೋರಿಸಿದಳು. ಇದರಲ್ಲಿ ಬರೆದ ಸೂತ್ರ ಹೊರಗಿನದೇನನ್ನೂ ಮುಟ್ಟುವುದಿಲ್ಲವಂತೆ. ಒಂದು ಹೆಸರಿಗೆ ಒಮ್ಮೆ ಕೊಟ್ಟ ಬೆಲೆ ಮತ್ತೆ ಬದಲಾಗುವುದಿಲ್ಲವಂತೆ. ಕೇಳಿ ರೋಮಾಂಚನವಾಯಿತು. ಇದು ಮಡಿಯುಟ್ಟ ಭಾಷೆ! ವರ್ಷವೆಲ್ಲ ಹೆಣಗಿ, ತಿಥಿ ನಿರ್ಣಯಿಸುವ ಪ್ರೋಗ್ರಾಮ್ ಬರೆದೆ. ಪ್ರತಿದಿನ ಮುಂಜಾನೆ ಅದರ ಉತ್ತರ ಇಲ್ಲಿಯ, ಘಾಜಿಯಾಬಾದಿನ ಕನ್ನಡದ ಮನೆಗಳ ಫೋನಿಗೆ ತಾನಾಗಿ ಹೋಗುತ್ತಿತ್ತು. ಒಲೆ ಹಚ್ಚಬೇಕೋ ಬೇಡವೋ ಎಂಬುದು ನನ್ನ ಮೇಲೆ ನಿಂತಿತ್ತು. ಆ ಪದವಿ ನನಗೆ ಸರ್ಕಾರಿ ಹುದ್ದೆಗಿಂತ ಹಿರಿದಾಗಿತ್ತು.

ಬರೆದ ಸೂತ್ರಗಳನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ಕಟ್ಟುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಅದಕ್ಕೆ ಪರರು ಬರೆದಿಟ್ಟ ಸಾಮಗ್ರಿಗಳೂ ಬೇಕು, ಅವನ್ನು ಲೈಬ್ರರಿಗಳೆನ್ನುತ್ತಾರೆ. ದೇವರ ಅಡಿಗೆಗೆ ನಿನ್ನೆಯ ಪಾತ್ರೆಯನ್ನು ಬೆಳಗದೆ ಇಡುವುದುಂಟೆ? ಹಾಗೆಂದು ನಾನು ಇಂಟರ್ನೆಟ್ಟಿನ ಬಾಡಿಗೆಯ ಯಂತ್ರವೊಂದಕ್ಕೆ ನಿಯಮ ವಿಧಿಸಿದ್ದೆ: ದಿನವೂ ನಸುಕಿಗೆ ಮುನ್ನ ನಿನ್ನೆ ಕಟ್ಟಿದ್ದನ್ನೆಲ್ಲ ಅಳಿಸು, ಲೈಬ್ರರಿಗಳನ್ನು ಹೊಸದಾಗಿ ತರಿಸು, ಶುದ್ಧವಾಗಿ ಕಟ್ಟು, ಅನಂತರ ತಿಥಿ ಹೇಳು. ತಂಗಳಿಗೆ ಅವಕಾಶವೇ ಇಲ್ಲ.

ಮೊನ್ನೆ, ಏಕಾದಶಿ ಇಂದೋ ನಾಳೆಯೋ ಎಂಬ ಸಂದಿಗ್ಧದ ದಿನವೇ, ಆಚಮನ ಮುಗಿಸಿ ನೋಡುತ್ತೇನೆ, ಪರದೆಯ ತುಂಬ ಕೆಂಪಕ್ಷರ. ದಿನಾಂಕದ ಲೈಬ್ರರಿಯ ಕರ್ತೃ ಮಹಾಶಯ ಹೊಸ ಆವೃತ್ತಿ ತಂದು, ನಾನು ನೆಚ್ಚಿದ್ದ ಸೂತ್ರವನ್ನೇ ಕಿತ್ತುಹಾಕಿದ್ದ! ಬೆಲೆ ಬದಲಾಗಬಾರದೆಂದು ಲೋಕಕ್ಕೆ ಬೋಧಿಸುವ ಈ ಮಂದಿ, ತಮ್ಮ ಲೈಬ್ರರಿಯನ್ನು ಅಂಗಿಯಂತೆ ಬದಲಿಸುತ್ತಾರೆ. ಇದಕ್ಕೆ ಹೇಳುವವರಿಲ್ಲ, ಕೇಳುವವರಿಲ್ಲ!

ಅವರ ಪ್ರಶ್ನೋತ್ತರದ ತಾಣದಲ್ಲಿ ವಿನಯದಿಂದಲೇ ಕೇಳಿದೆ: “ದಿನವೂ ಹೊಸದಾಗಿ ಕಟ್ಟುತ್ತೇನೆ, ಇಂದು ಈ ಸೂತ್ರ ಮಾಯವಾಗಿದೆ. ಬದಲಿಗೆ ಯಾವುದನ್ನು ಬಳಸಬೇಕು?” ಒಬ್ಬ, ದಿನಾಂಕವೆಂದರೇನು ಎಂಬ ಮೂಲತತ್ತ್ವಕ್ಕೆ ಇಳಿದ. ಇನ್ನೊಬ್ಬ ಅವನನ್ನು ಖಂಡಿಸಿದ. ಇಬ್ಬರೂ ನನ್ನನ್ನು ಮರೆತು ವಾಕ್ಯಾರ್ಥಕ್ಕೆ ಕುಳಿತರು. ಬಾವಿ ಎಲ್ಲಿದೆಯೆಂದು ಕೇಳಿದವನಿಗೆ ಜಲದ ಲಕ್ಷಣ ವಿವರಿಸುವ ವಿದ್ವಾಂಸರು! ಮೂರನೆಯವನೊಬ್ಬ ಉದ್ಧಟ ಕೇಳಿದ: “ಕೋಡ್ ಬದಲಾಗಿಲ್ಲವಲ್ಲ, ದಿನವೂ ಏಕೆ ಕಟ್ಟುತ್ತೀರಿ? ನಿನ್ನೆಯದನ್ನೇ ಓಡಿಸಿ.” ಸಂಸ್ಕಾರ ತಿಳಿಯದವನಿಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲವೆಂದು ಆ ಪುಟವನ್ನೇ ಮುಚ್ಚಿದೆ.

ಅಷ್ಟರಲ್ಲಿ ಘಾಜಿಯಾಬಾದಿನಿಂದ ರಾಯರ ಫೋನು. “ಏನ್ ಸ್ವಾಮಿ, ಇವತ್ತಾ, ನಾಳೆಯಾ? ನಮ್ಮವಳು ಉಪ್ಪಿಟ್ಟಿಗೆ ರವೆ ಹುರಿದು ಕೈಯಲ್ಲಿ ಸೌಟು ಹಿಡ್ಕೊಂಡು ನಿಂತಿದ್ದಾಳೆ.”

“ಸ್ವಲ್ಪ ತಾಳಿ ರಾಯರೆ, ಬಿಲ್ಡ್ ಆಗ್ತಾ ಇಲ್ಲ.”

“ಮನೆ ಕಟ್ಟಿಸ್ತಾ ಇದ್ದೀರಾ? ಹೇಳಲೇ ಇಲ್ಲ!”

ನಾನು ಫೋನನ್ನು ಕುಕ್ಕಿದೆ. ಸದ್ದಿಗೆ ಮಾಧವಿ ಎದ್ದು ಬಂದು, ನನ್ನ ನಿಯಮಗಳನ್ನು ಓದಿ, ಹಣೆಗೆ ಕೈಹಚ್ಚಿದಳು. “ಅರೇ ಅಪ್ಪಾ, ಯೇ ಕ್ಯಾ ಹೈ? ಡೈಲಿ ಎಲ್ಲಾ ಡಿಲೀಟ್ ಮಾಡ್ತೀರಾ? ಲೈಬ್ರರಿಯ ಹಳೇ ವರ್ಷನ್ನೇ ಇರಲಿ ಅಂತ ಫಿಕ್ಸ್ ಮಾಡಿ ಇಡ್ಬೇಕು. ನೀವು ಬಿಲ್ಡ್ ಮಾಡ್ತಿದ್ದೀರೋ ಮಡಿ ಮಾಡ್ತಿದ್ದೀರೋ?”

“ತಂಗಳು ತಂಗಳೇ!” ಎಂದು ಗುಡುಗಿದೆ.

ಅಡಿಗೆಮನೆಯಿಂದ ಹೆಂಡತಿ ಸುಶೀಲೆಯ ದನಿ ಬಂತು. “ನಿನ್ನೆಯ ಮೊಸರನ್ನೆಲ್ಲ ಚೆಲ್ಲಿಬಿಟ್ಟರೆ ಇವತ್ತಿನ ಹಾಲಿಗೆ ಹೆಪ್ಪು ನಿಮ್ಮ ಕಂಪ್ಯೂಟರ್ ಹಾಕುತ್ತದೆಯೋ?”

ತರ್ಕ ಓದಿದವನು ಇದಕ್ಕೂ ಒಂದು ಸಮಾಧಾನ ಹುಡುಕಬಲ್ಲ; ನಾನು ಹುಡುಕತೊಡಗಿದೆ. ಮಾಧವಿ ತನ್ನ ಲ್ಯಾಪ್‌ಟಾಪ್ ತೆರೆದಳು. ಮೊದಲ ದಿನ ಪರೀಕ್ಷೆಗೆಂದು ಕಟ್ಟಿದ ಪ್ರೋಗ್ರಾಮ್ ಅದರಲ್ಲಿ ಹಾಗೆಯೇ ಉಳಿದಿತ್ತು: ತಿಂಗಳುಗಟ್ಟಲೆ ತಂಗಳು. ಗುಂಡಿ ಒತ್ತಿದ್ದೇ ತಡ, ಉತ್ತರ ಬಂತು: ದಶಮಿಯ ಸೋಂಕಿದೆ, ಉಪವಾಸ ನಾಳೆ. ನಾನು ಕಾಗದದ ಮೇಲೆ ಗಣಿಸಿ ನೋಡಿದೆ. ತಪ್ಪು ಸಿಗಬಾರದಿತ್ತೇ! ಸಿಗಲಿಲ್ಲ. ಮೊದಲು ರಾಯರಿಗೆ ತಿಳಿಸಿದೆ. “ತಡವಾಯ್ತು ಸ್ವಾಮಿ, ಉಪ್ಪಿಟ್ಟು ಮುಗೀತು. ದೇವರು ಕ್ಷಮಿಸ್ತಾನೆ ಅಂತ ತಿಂದ್ವಿ. ನೋಡಿ, ಕ್ಷಮಿಸೋ ಪ್ರಸಂಗವೇ ಬರಲಿಲ್ಲ!”

ನನ್ನ ಕೋಪ ಇಳಿದಿಲ್ಲ, ಇಳಿಸುವ ಉದ್ದೇಶವೂ ಇಲ್ಲ. ಪೂಜೆ ಮುಗಿಸಿ ಎಲೆಯ ಮುಂದೆ ಕುಳಿತು, ಎಡಗೈಯಲ್ಲಿ ಫೋನು ಹಿಡಿದು, ಆ ಉದ್ಧಟನಿಗೆ ತಂಗಳಿನ ದೋಷದ ಬಗ್ಗೆ ಸಪ್ರಮಾಣ ಉತ್ತರವೊಂದನ್ನು ಮನಸ್ಸಿನಲ್ಲೇ ರಚಿಸುತ್ತಿದ್ದೆ. ಚಿತ್ರಾನ್ನ ಬಹಳ ಹದವಾಗಿತ್ತು. ಅದನ್ನು ಹೊಗಳಿದೆ.

“ಹದವಾಗದೆ ಏನು? ನಿನ್ನೆ ರಾತ್ರಿ ಮಾಧವಿಗೆ ಮಾಡಿ ಉಳಿದ ಅನ್ನ. ನೀವು ಇವತ್ತೋ ನಾಳೆಯೋ ಹೇಳುವ ಹೊತ್ತಿಗೆ ಹೊಸದಾಗಿ ಇಡೋಕೆ ಸಮಯವೆಲ್ಲಿತ್ತು? ಒಗ್ಗರಣೆ ಹಾಕಿದೆ. ಇನ್ನಷ್ಟು ಬಡಿಸಲೇ?” ಎಂದಳು ಸುಶೀಲೆ.

ನಾನು ಫೋನನ್ನು ಕೆಳಗಿಟ್ಟು, ಎಲೆಯ ಮೇಲೆ ಜಾಗ ಮಾಡಿಕೊಟ್ಟೆ.